ಚರಂಡಿ ತೋಡಿಸಿದ ರಾಜ

ರೋಮ್ ಅಂದ ತಕ್ಷಣ ನಮಗೆ ನೆನಪಾಗೋದು ಜೂಲಿಯಸ್ ಸೀಸರ್, ಕೊಲೋಸಿಯಂ, ಗ್ಲಾಡಿಯೇಟರ್ ಸಿನಿಮಾ. ಸಿವಿಲ್ ಬ್ರಾಂಚಿನವರಾದ್ರೆ ಜೊತೆಗೆ ಅಕ್ವಡಕ್ಟು, ಕಾಂಕ್ರೀಟು. ನಾನು ಹೇಳಹೊರಟಿರೋ ಮನುಷ್ಯ ಇವೆಲ್ಲಕ್ಕಿಂತ ಹಳಬ. ಸೀಸರ್ ಹುಟ್ಟೋಕೆ ಸುಮಾರು 480 ವರ್ಷ ಮೊದಲೇ ಸತ್ತುಹೋದವನು. ಅವನ ಕಾಲದಲ್ಲಿ ರೋಮ್‌ಗೆ ಸಾಮ್ರಾಜ್ಯ ಇರಲಿಲ್ಲ, ಅಮೃತಶಿಲೆಯ ಕಟ್ಟಡಗಳೂ ಇರಲಿಲ್ಲ. ಟೈಬರ್ ನದಿಯ ಪಕ್ಕ ಒಂದಷ್ಟು ಗುಡ್ಡ, ಗುಡ್ಡಗಳ ಮೇಲೆ ಗುಡಿಸಲುಗಳು, ನಡುವೆ ನದಿ ಉಕ್ಕಿದಾಗಲೆಲ್ಲ ನೀರು ನಿಲ್ಲುವ ತಗ್ಗು. ಆ ತಗ್ಗಿನ ನೀರನ್ನ ಹೊರಗೆ ಹಾಕಿ, ಅಲ್ಲಿ ಊರಿನ ನಡುಮಧ್ಯವನ್ನ ಮಾಡಿದವನು ರೋಮ್‌ನವನೇ ಅಲ್ಲ. ಹೀಗಂತ ಹೇಳಿದ್ದು ಬೇರೆ ಯಾರೂ ಅಲ್ಲ, ಸ್ವತಃ ರೋಮನ್ನರು.

ಅವನ ಹೆಸರು ಲೂಸಿಯಸ್ ಟಾರ್ಕ್ವಿನಿಯಸ್ ಪ್ರಿಸ್ಕಸ್. ರೋಮ್‌ನ ಏಳು ರಾಜರಲ್ಲಿ ಐದನೆಯವನು. ಸಂಪ್ರದಾಯದ ಲೆಕ್ಕದಲ್ಲಿ ಆಳಿದ್ದು ಕ್ರಿ.ಪೂ. 616ರಿಂದ 579ರವರೆಗೆ. ಅವನ ಕಥೆಯನ್ನ ಪೂರ್ತಿಯಾಗಿ ಹೇಳಿದವರು ಲಿವಿ ಮತ್ತು ಡಯೊನೀಸಿಯಸ್ ಅನ್ನೋ ಇಬ್ಬರು ಇತಿಹಾಸಕಾರರು. ಇಬ್ಬರೂ ಬರೆದದ್ದು ಅವನು ಸತ್ತು ಹತ್ತಿರ ಹತ್ತಿರ 600 ವರ್ಷ ಆದ ಮೇಲೆ. ಇದು ಸಣ್ಣ ವಿಷಯ ಅಲ್ಲ. ಆದರೆ ಮೊದಲು ಕಥೆ ಕೇಳಿ, ಎಷ್ಟು ನಂಬಬೇಕು ಅನ್ನೋದನ್ನ ಆಮೇಲೆ ನೋಡೋಣ.

ಕಥೆ ಶುರುವಾಗೋದು ಇಟಲಿಯಲ್ಲಲ್ಲ, ಗ್ರೀಸ್‌ನ ಕೊರಿಂತ್ ಪಟ್ಟಣದಲ್ಲಿ. ಅಲ್ಲಿ ಬ್ಯಾಕಿಯಡ್ ಅನ್ನೋ ಒಂದೇ ಮನೆತನದವರು ಆಳ್ತಾ ಇದ್ದರು. ಆ ಮನೆತನದ ಡೆಮರಾಟಸ್ ದೊಡ್ಡ ವ್ಯಾಪಾರಿ. ಹಡಗು ತುಂಬ ಸರಕು ಹಾಕಿಕೊಂಡು ಇಟಲಿಯ ಎಟ್ರಸ್ಕನ್ ಊರುಗಳಿಗೆ ಹೋಗಿ ಬರ್ತಾ ಇದ್ದ. ಕ್ರಿ.ಪೂ. 657ರ ಸುಮಾರಿಗೆ ಕಿಪ್ಸೆಲಸ್ ಅನ್ನೋನು ಕೊರಿಂತ್‌ನಲ್ಲಿ ಅಧಿಕಾರ ಕಿತ್ಕೊಂಡು ಬ್ಯಾಕಿಯಡ್‌ಗಳನ್ನ ಓಡಿಸಿದ. ಡೆಮರಾಟಸ್‌ಗೆ ಎಲ್ಲಿಗೆ ಹೋಗೋದು ಅಂತ ಯೋಚಿಸೋ ಪ್ರಮೇಯವೇ ಬರಲಿಲ್ಲ. ವ್ಯಾಪಾರದಿಂದ ಪರಿಚಯ ಇದ್ದ ಟಾರ್ಕ್ವಿನಿಯಾ ಊರಿಗೆ ಹೋಗಿ ನೆಲೆ ನಿಂತ.

ಎಟ್ರಸ್ಕನ್ನರು ಅಂದ್ರೆ ಯಾರು ಅಂತ ಇಲ್ಲೇ ಹೇಳಿಬಿಡ್ತೀನಿ. ಉತ್ತರಕ್ಕೆ ಆರ್ನೊ, ದಕ್ಷಿಣಕ್ಕೆ ಟೈಬರ್, ಈ ಎರಡು ನದಿಗಳ ನಡುವಿನ ನಾಡು ಅವರದ್ದು. ಇವತ್ತಿನ ಟಸ್ಕನಿ ಅನ್ನೋ ಹೆಸರು ಬಂದದ್ದೇ ಅವರಿಂದ. ಒಂದೇ ರಾಜ್ಯ ಅಲ್ಲ, ಒಂದೊಂದು ಊರೂ ಒಂದೊಂದು ರಾಜ್ಯ. ನೆಲದಲ್ಲಿ ತಾಮ್ರ, ಎಲ್ಬಾ ದ್ವೀಪದಲ್ಲಿ ಕಬ್ಬಿಣದ ಅದಿರು. ಲೋಹ ಇದ್ದ ಕಡೆ ಗ್ರೀಕರೂ ಫಿನೀಷಿಯನ್ನರೂ ಹಡಗು ತಂದು ನಿಲ್ಲಿಸಿದರು, ಊರುಗಳಿಗೆ ದುಡ್ಡು ಬಂತು. ಅವರ ಭಾಷೆಗೆ ಲ್ಯಾಟಿನ್, ಗ್ರೀಕ್ ಯಾವುದರ ಸಂಬಂಧವೂ ಇಲ್ಲ. ಹತ್ತು ಸಾವಿರಕ್ಕೂ ಹೆಚ್ಚು ಶಾಸನಗಳು ಸಿಕ್ಕಿವೆ, ಅಕ್ಷರಗಳನ್ನ ಓದಿ ಉಚ್ಚರಿಸಬಹುದು, ಅರ್ಥ ಮಾತ್ರ ಪೂರ್ತಿ ಆಗೋದಿಲ್ಲ. ರೋಮ್ ಇನ್ನೂ ಹುಲ್ಲು ಹೊದಿಸಿದ ಗುಡಿಸಲಲ್ಲಿ ಇದ್ದಾಗ ಇವರು ದೊಡ್ಡ ದೊಡ್ಡ ಗೋರಿಗಳಲ್ಲಿ ಚಿನ್ನ ಇಟ್ಟು ಹೂಳ್ತಾ ಇದ್ದರು.

ಡೆಮರಾಟಸ್ ಜೊತೆ ಮಣ್ಣಿನ ಕೆಲಸ ಮಾಡೋ ಕುಶಲಕರ್ಮಿಗಳೂ ಬಂದರು ಅಂತ ಪ್ಲಿನಿ ಬರೀತಾನೆ. ಅವರಲ್ಲಿ ಒಬ್ಬನ ಹೆಸರಿನ ಅರ್ಥ ಒಳ್ಳೆ ಕೈಯವನು, ಇನ್ನೊಬ್ಬನದ್ದು ಚೆನ್ನಾಗಿ ಗೆರೆ ಎಳೆಯುವವನು. ಇಷ್ಟು ಕರೆಕ್ಟಾಗಿ ಕೆಲಸಕ್ಕೆ ಹೊಂದೋ ಹೆಸರುಗಳನ್ನ ನೋಡಿದ್ರೆ ಯಾರೋ ಆಮೇಲೆ ಇಟ್ಟಿದ್ದು ಅನ್ಸುತ್ತೆ. ಹೆಸರು ಏನೇ ಇರಲಿ, ಆ ಶತಮಾನದಲ್ಲಿ ಕೊರಿಂತ್‌ನಿಂದ ಕೆಲಸದ ಗುಟ್ಟು ಇಟಲಿಗೆ ಹರಿದು ಬಂದದ್ದು ನಿಜ. ಸುಟ್ಟ ಮಣ್ಣಿನ ಹೆಂಚು ಅದರಲ್ಲಿ ಒಂದು. ಗ್ರೀಸ್‌ನಲ್ಲಿ ಹೆಂಚಿನ ಸೂರು ಮೊದಲು ಕಾಣೋದು ಕೊರಿಂತ್ ಕಡೆಯೇ, ಅದೇ ಶತಮಾನ ಮುಗಿಯೋದ್ರೊಳಗೆ ಎಟ್ರಸ್ಕನ್ ಊರುಗಳಲ್ಲೂ ಕಾಣುತ್ತೆ. ಹುಲ್ಲಿನ ಸೂರು ತೆಗೆದು ಹೆಂಚು ಹಾಕಿದ್ರೆ ಡೆಡ್ ಲೋಡ್ ಎಷ್ಟು ಜಾಸ್ತಿ ಆಗುತ್ತೆ ಅಂತ ನಮಗೆ ಗೊತ್ತು. ತೊಲೆ ದಪ್ಪ ಆಗ್ಬೇಕು, ಗೋಡೆ ಗಟ್ಟಿ ಆಗ್ಬೇಕು, ಗೋಡೆ ಕೆಳಗೆ ಕಲ್ಲಿನ ಪಾಯ ಬೇಕು. ದುಂಡಗಿನ ಗುಡಿಸಲು ಹೋಗಿ ಚೌಕದ ಮನೆ ಬರುತ್ತೆ. ಸೂರಿನಿಂದ ಕೆಳಗಿಳೀತಾ ಇಳೀತಾ ಇಡೀ ಊರಿನ ಸ್ವರೂಪವೇ ಬದಲಾಗುತ್ತೆ.

ಡೆಮರಾಟಸ್ ಅಲ್ಲಿಯ ಒಳ್ಳೆ ಮನೆತನದ ಹೆಣ್ಣನ್ನ ಮದುವೆಯಾದ. ಇಬ್ಬರು ಗಂಡುಮಕ್ಕಳು, ಲೂಕುಮೊ ಮತ್ತು ಅರನ್ಸ್. ಅರನ್ಸ್ ಅಪ್ಪನಿಗಿಂತ ಮೊದಲು ತೀರಿಕೊಂಡ. ಆಗ ಅವನ ಹೆಂಡತಿ ಬಸುರಿ, ಆದ್ರೆ ಮಾವನಿಗೆ ಅದು ಗೊತ್ತಿರಲಿಲ್ಲ. ಮುದುಕ ಆಸ್ತಿಯೆಲ್ಲ ಲೂಕುಮೊಗೆ ಬರೆದು ಕಣ್ಣು ಮುಚ್ಚಿದ. ಆಮೇಲೆ ಹುಟ್ಟಿದ ಮೊಮ್ಮಗನಿಗೆ ಒಂದು ಬಿಡಿಗಾಸೂ ಇಲ್ಲ. ಆ ಕಾರಣಕ್ಕೇ ಅವನಿಗೆ ಎಗೇರಿಯಸ್ ಅಂತ ಹೆಸರಿಟ್ಟರಂತೆ, ಗತಿಯಿಲ್ಲದವನು ಅಂತ ಅದರ ಅರ್ಥ. ಈ ಹುಡುಗನನ್ನ ನೆನಪಲ್ಲಿಟ್ಟುಕೊಳ್ಳಿ.

ಲೂಕುಮೊ ಕೈಯಲ್ಲಿ ಈಗ ಬೇಕಾದಷ್ಟು ದುಡ್ಡು. ತಾಯಿ ಆ ಊರಿನವಳೇ, ಭಾಷೆ ಆ ಊರಿನದ್ದೇ, ಹುಟ್ಟಿ ಬೆಳೆದದ್ದೂ ಅಲ್ಲೇ. ಆದರೂ ಟಾರ್ಕ್ವಿನಿಯಾದ ದೊಡ್ಡ ಮನುಷ್ಯರ ಲೆಕ್ಕದಲ್ಲಿ ಅವನು ಓಡಿಬಂದ ಪರದೇಶಿಯ ಮಗ. ಸಂತೆಯಲ್ಲಿ ಅವನ ದುಡ್ಡು ನಡೀತಿತ್ತು, ಅಧಿಕಾರದ ಜಾಗದಲ್ಲಿ ಅವನು ನಡೀತಿರಲಿಲ್ಲ. ಈ ಅವಮಾನವನ್ನ ಅವನು ಹೇಗೋ ಸಹಿಸಿಕೊಂಡಿದ್ದ. ಸಹಿಸೋಕೆ ಆಗದೇ ಇದ್ದದ್ದು ಅವನ ಹೆಂಡತಿ ತನಾಕ್ವಿಲ್‌ಗೆ.

ಇಡೀ ಕಥೆಯಲ್ಲಿ ನನಗೆ ತುಂಬ ಇಷ್ಟ ಆದವಳು ಇವಳೇ. ಟಾರ್ಕ್ವಿನಿಯಾದ ಮೇಲ್ದರ್ಜೆಯ ಮನೆ ಮಗಳು. ತಾನು ಹುಟ್ಟಿದ ಮನೆಗಿಂತ ಮದುವೆಯಾದ ಮನೆಗೆ ಮರ್ಯಾದೆ ಕಡಿಮೆ ಅನ್ನೋದು ಅವಳಿಗೆ ಚುಚ್ಚುತ್ತಿತ್ತು. ಎಟ್ರಸ್ಕನ್ ಹೆಂಗಸರು ಗಂಡಂದಿರ ಪಕ್ಕದಲ್ಲೇ ಒರಗಿಕೊಂಡು ಔತಣ ಉಣ್ಣೋದನ್ನ ಟಾರ್ಕ್ವಿನಿಯಾದ ಗೋರಿಗಳ ಗೋಡೆ ಚಿತ್ರಗಳಲ್ಲಿ ಇವತ್ತಿಗೂ ನೋಡಬಹುದು. ಗ್ರೀಕ್ ಲೇಖಕರಿಗೆ ಇದು ದೊಡ್ಡ ಹಗರಣದ ಹಾಗೆ ಕಂಡಿತ್ತು. ಆ ಹೆಂಗಸರಿಗೆ ತಮ್ಮದೇ ಆದ ಸ್ವಂತ ಹೆಸರೂ ಇರ್ತಿತ್ತು. ರೋಮ್‌ನಲ್ಲಾದ್ರೆ ಹೆಣ್ಣುಮಗುವಿಗೆ ಅಪ್ಪನ ಕುಲದ ಹೆಸರನ್ನೇ ಸ್ವಲ್ಪ ತಿರುಗಿಸಿ ಇಟ್ಟು ಕೈತೊಳೆದುಕೊಳ್ತಾ ಇದ್ದರು. ಇಂಥ ಸಮಾಜದಿಂದ ಬಂದ ತನಾಕ್ವಿಲ್ ಗಂಡನಿಗೆ ಹೇಳಿದ್ದು ಒಂದೇ ಮಾತು: ಈ ಊರು ಬಿಡೋಣ, ರೋಮ್‌ಗೆ ಹೋಗೋಣ. ಅದು ಹೊಸ ಊರು, ಅಲ್ಲಿ ಯಾರ ಅಪ್ಪ ಯಾರು ಅಂತ ಕೇಳೋರು ಕಡಿಮೆ. ಅಲ್ಲಿನ ಎರಡನೇ ರಾಜ ನೂಮಾನೇ ಹೊರಗಿನಿಂದ ಬಂದ ಸೇಬೈನ್ ಜನಾಂಗದವನು.

ಟಾರ್ಕ್ವಿನಿಯಾದಿಂದ ರೋಮ್‌ಗೆ ಸುಮಾರು 90 ಕಿಲೋಮೀಟರ್. ಗಂಡ ಹೆಂಡತಿ ಗಾಡಿಯಲ್ಲಿ ಸಾಮಾನು ತುಂಬಿಕೊಂಡು ಹೊರಟರು. ರೋಮ್ ಎದುರಿನ ಜಾನಿಕ್ಯುಲಮ್ ಗುಡ್ಡಕ್ಕೆ ಬರುವಾಗ ಒಂದು ಹದ್ದು ಇಳಿದು ಲೂಕುಮೊ ತಲೆ ಮೇಲಿನ ಟೋಪಿ ಎತ್ತಿಕೊಂಡು ಹೋಯ್ತು, ಗಾಡಿ ಮೇಲೆ ಸುತ್ತು ಹೊಡೀತು, ಮತ್ತೆ ಇಳಿದು ಟೋಪಿಯನ್ನ ತಲೆ ಮೇಲೇ ಇಟ್ಟು ಹೋಯ್ತು. ಎಟ್ರಸ್ಕನ್ನರು ಹಕ್ಕಿ ಹಾರಾಟ, ಸಿಡಿಲು, ಬಲಿಕೊಟ್ಟ ಪ್ರಾಣಿಯ ಪಿತ್ತಜನಕಾಂಗ ಎಲ್ಲದರಲ್ಲೂ ಶಕುನ ಓದೋದರಲ್ಲಿ ಪಂಟರು. ತನಾಕ್ವಿಲ್‌ಗೂ ಆ ವಿದ್ಯೆ ಬರ್ತಿತ್ತು. ಅವಳು ಗಾಡಿಯಲ್ಲೇ ಗಂಡನನ್ನ ತಬ್ಬಿಕೊಂಡು, ಇದು ಕಿರೀಟದ ಸೂಚನೆ ಅಂದಳಂತೆ. ಹದ್ದಿನ ಕಥೆ ಯಾರು ಕಟ್ಟಿದರೋ. ಆದರೆ ಅದರ ಅರ್ಥ ಹೇಳೋ ಕೆಲಸವನ್ನ ಕಥೆ ಹೆಂಡತಿಗೆ ಬಿಟ್ಟಿದೆ, ಅದು ಗಮನಿಸಬೇಕಾದ್ದು.

ರೋಮ್‌ಗೆ ಬಂದ ಮೇಲೆ ಅವನು ಹೆಸರು ಬದಲಾಯಿಸಿಕೊಂಡ. ಲೂಕುಮೊ ಹೋಗಿ ಲೂಸಿಯಸ್ ಆಯ್ತು, ಜೊತೆಗೆ ಟಾರ್ಕ್ವಿನಿಯಸ್, ಅಂದ್ರೆ ಟಾರ್ಕ್ವಿನಿಯಾದವನು. ನಮ್ಮಲ್ಲಿ ಹೆಸರಿನ ಮುಂದೆ ಊರಿನ ಇನಿಷಿಯಲ್ ಇರುತ್ತಲ್ಲ, ಹಾಗೆ. ಅವನಿಗೆ ಜಾಗ ಕೊಡದೇ ಇದ್ದ ಊರೇ ಅವನ ಕುಲದ ಹೆಸರಾಗಿ ಉಳೀತು. ಪ್ರಿಸ್ಕಸ್ ಅಂದ್ರೆ ಹಿಂದಿನವನು. ಮುಂದೆ ಅದೇ ಹೆಸರಿನ ಇನ್ನೊಬ್ಬ ರಾಜ ಬಂದ ಮೇಲೆ ಗುರುತಿಗಾಗಿ ಸೇರಿಸಿದ್ದು.

ಕೈಯಲ್ಲಿ ದುಡ್ಡು ಇತ್ತು, ನಾಲಿಗೆ ಚೆನ್ನಾಗಿತ್ತು, ಕರೆದು ಊಟ ಹಾಕ್ತಿದ್ದ. ಬೇಗ ರಾಜ ಆಂಕಸ್ ಮಾರ್ಸಿಯಸ್‌ನ ಕಿವಿಗೂ ಸುದ್ದಿ ಹೋಯ್ತು. ಪರಿಚಯ ಸ್ನೇಹವಾಯ್ತು, ಸ್ನೇಹ ಸಲಹೆಗಾರನ ಸ್ಥಾನ ಆಯ್ತು, ಕೊನೆಗೆ ರಾಜ ತನ್ನ ಗಂಡುಮಕ್ಕಳ ಪೋಷಕನಾಗಿ ಇವನನ್ನೇ ನೇಮಿಸಿ ಸತ್ತ. ಇಲ್ಲಿ ಟಾರ್ಕ್ವಿನಿಯಸ್ ಮಾಡಿದ್ದು ಮಾತ್ರ ಯಾವ ರೀತಿ ನೋಡಿದ್ರೂ ಮೋಸವೇ. ರೋಮ್‌ನಲ್ಲಿ ರಾಜನ ಮಗ ತಾನಾಗಿಯೇ ರಾಜ ಆಗ್ತಿರಲಿಲ್ಲ, ಜನರ ಸಭೆ ಆರಿಸ್ಬೇಕಿತ್ತು. ಸಭೆ ಸೇರೋ ಹೊತ್ತಿಗೆ ಸರಿಯಾಗಿ ಇವನು ರಾಜಕುಮಾರರಿಬ್ಬರನ್ನ ಬೇಟೆಗೆ ಕಳಿಸಿಬಿಟ್ಟ. ಅವರು ವಾಪಸ್ ಬರೋದ್ರೊಳಗೆ ತಾನೇ ನಿಂತು ಭಾಷಣ ಮಾಡಿ, ಓಟು ಕೇಳಿ, ರಾಜನಾಗಿ ಆಯ್ಕೆ ಆಗಿದ್ದ. ರಾಜಪದವಿಗೆ ಪ್ರಚಾರ ಮಾಡಿದ ಮೊದಲಿಗ ಇವನೇ ಅಂತ ಲಿವಿ ಹೇಳ್ತಾನೆ. ತಾನು ಹೊರಗಿನವನು ಅನ್ನೋದನ್ನ ಭಾಷಣದಲ್ಲಿ ಮುಚ್ಚಿಡಲಿಲ್ಲ. ಹೊರಗಿನಿಂದ ಬಂದು ಆಳಿದವರ ಹೆಸರುಗಳನ್ನೇ ಎತ್ತಿ, ತಾನು ಮೊದಲನೆಯವನೇನಲ್ಲ ಅಂದ. ರಾಜನಾದ ಮೇಲೆ ಸೆನೆಟ್‌ಗೆ 100 ಹೊಸಬರನ್ನ ಸೇರಿಸಿದ. ಸೇರಿಸಿದವನ ಪರ ಅವರು ನಿಲ್ಲದೇ ಇರ್ತಾರಾ?

ಈಗ ಚರಂಡಿಗೆ ಬರೋಣ.

ಪ್ಯಾಲಟೈನ್ ಮತ್ತು ಕ್ಯಾಪಿಟೊಲೈನ್ ಗುಡ್ಡಗಳ ನಡುವೆ ಇರೋ ತಗ್ಗೇ ಮುಂದೆ ಫೋರಂ ಆದ ಜಾಗ. ಮೇಲಿನ ಕ್ವಿರಿನಲ್, ವಿಮಿನಲ್, ಎಸ್ಕ್ವಿಲೈನ್ ಗುಡ್ಡಗಳ ನೀರೆಲ್ಲ ಒಂದು ಹಳ್ಳವಾಗಿ ಇಲ್ಲಿಗೇ ಇಳೀತಿತ್ತು. ಇನ್ನೊಂದು ಕಡೆಯಿಂದ ಟೈಬರ್ ಉಕ್ಕಿ ಒಳಗೆ ನುಗ್ಗುತ್ತಿತ್ತು. ಹೀಗಾಗಿ ಗುಡ್ಡ ಗುಡ್ಡಕ್ಕೂ ಒಂದೊಂದು ಹಳ್ಳಿ, ನಡುವೆ ಕೆಸರು. ಆ ತಗ್ಗಿನ ಅಂಚಿನಲ್ಲಿ ಮೊದಲು ಹೆಣ ಹೂಳ್ತಿದ್ದರು. ಜಿಯಾಕೊಮೊ ಬೋನಿ ಅನ್ನೋ ಇಟಲಿಯ ಪುರಾತತ್ವಜ್ಞ 1900ರ ಆಸುಪಾಸಿನಲ್ಲಿ ಅಗೆದಾಗ ಆ ಗೋರಿಗಳೇ ಸಿಕ್ಕವು. ಎಲ್ಲರೂ ಒಂದೆಡೆ ಸೇರೋಕೆ, ವ್ಯಾಪಾರ ಮಾಡೋಕೆ, ಸಭೆ ನಡೆಸೋಕೆ ಒಂದು ಸಮತಟ್ಟು ಜಾಗ ಇಲ್ಲದೆ ಈ ಹಳ್ಳಿಗಳು ಒಂದು ಊರಾಗೋದು ಕಷ್ಟ.

ಕೆಲಸದಲ್ಲಿ ಎರಡು ಭಾಗ. ಒಂದು, ಹಳ್ಳವನ್ನ ಕಾಲುವೆಯಾಗಿ ಕಟ್ಟಿ ಟೈಬರ್‌ಗೆ ಬಿಡೋದು. ಇದೇ ಮುಂದೆ ಕ್ಲೊವಾಕಾ ಮ್ಯಾಕ್ಸಿಮಾ, ಅಂದ್ರೆ ಮಹಾ ಚರಂಡಿ ಅಂತ ಹೆಸರಾಯ್ತು. ಇವತ್ತು ಫೋಟೋಗಳಲ್ಲಿ ಕಾಣೋ ಕಮಾನಿನ ಸುರಂಗ ಬಹುಪಾಲು ಆಮೇಲಿನ ಕಾಲದ್ದು, ಶುರುವಿನಲ್ಲಿ ಅದು ಮೇಲೆ ತೆರೆದೇ ಇದ್ದ ಕಾಲುವೆ. ಎರಡನೇದು, ನೆಲ ಎತ್ತರಿಸೋದು. ಆಲ್ಬರ್ಟ್ ಆಮರ್ಮನ್ ಅನ್ನೋ ಪುರಾತತ್ವಜ್ಞ 1980ರ ದಶಕದಲ್ಲಿ ಫೋರಂನಲ್ಲಿ ಬೋರ್ ಹಾಕಿ ಕೆಳಗಿನ ಮಣ್ಣಿನ ಪದರ ಪರೀಕ್ಷೆ ಮಾಡಿದರು. ಕ್ರಿ.ಪೂ. ಏಳನೇ ಶತಮಾನದಲ್ಲಿ ಅಲ್ಲಿ ಹೊರಗಿನಿಂದ ಮಣ್ಣು ತಂದು ತುಂಬಿರೋದು ಕಂಡಿತು, ಮಣ್ಣಿನ ಪ್ರಮಾಣ ಕಡಿಮೆ ಅಂದ್ರೂ 10,000 ಘನ ಮೀಟರ್. ಲೆಕ್ಕ ಹಾಕಿ ನೋಡಿ. ಒಂದು ಬಾಂಡ್ಲಿಯಲ್ಲಿ 20 ಲೀಟರ್ ಮಣ್ಣು ಅಂತ ಇಟ್ಟುಕೊಂಡ್ರೆ ಐದು ಲಕ್ಷ ಬಾಂಡ್ಲಿ. ಜೆಸಿಬಿ ಇಲ್ಲ, ಟಿಪ್ಪರ್ ಇಲ್ಲ. ತಲೆ, ಬೆನ್ನು, ಎತ್ತು, ಅಷ್ಟೇ. ಒಂದು ಊರಿನ ಎಲ್ಲ ಗುಡ್ಡದ ಜನರೂ ಒಬ್ಬರ ಮಾತು ಕೇಳಿ ಕೆಲಸಕ್ಕೆ ಬರೋ ಹಾಗಿದ್ದರೆ ಮಾತ್ರ ಇದು ಸಾಧ್ಯ. ತುಂಬಿದ ನೆಲದ ಮೇಲೆ ಜಲ್ಲಿ ಹಾಸಿದರು. ರೋಮ್‌ನ ಫೋರಂ ನಿಂತಿರೋದು ಆ ನೆಲದ ಮೇಲೆ.

ನೀರಿನ ಕೆಲಸ ಎಟ್ರಸ್ಕನ್ನರಿಗೆ ಹೊಸದಲ್ಲ. ರೋಮ್‌ಗೆ 16-17 ಕಿಲೋಮೀಟರ್ ದೂರದ ವೇಯಿ ಅನ್ನೋ ಎಟ್ರಸ್ಕನ್ ಊರಿನ ಸುತ್ತಮುತ್ತ ಮೆದು ಬಂಡೆಯನ್ನ ಕೊರೆದು ಮಾಡಿದ ಕಿರಿದಾದ ಬಸಿಗಾಲುವೆ ಸುರಂಗಗಳು ಎಷ್ಟೋ ಇವೆ. ಮೇಲಿನಿಂದ ಅಲ್ಲಲ್ಲಿ ಬಾವಿಯ ಹಾಗೆ ಗುಂಡಿ ಇಳಿಸಿ, ಗುಂಡಿಯಿಂದ ಗುಂಡಿಗೆ ಅಡ್ಡ ಕೊರೀತಾ ಹೋಗೋದು ಅವರ ಪದ್ಧತಿ. ಅಲ್ಲೇ ಪಾಂಟೆ ಸೋಡೊ ಅನ್ನೋ ಕಡೆ ಬಂಡೆಯೊಳಗೆ ಸುಮಾರು 70 ಮೀಟರ್ ಸುರಂಗ ತೋಡಿ ಒಂದು ಹೊಳೆಯ ದಾರಿಯನ್ನೇ ತಿರುಗಿಸಿದ್ದಾರೆ. ಇಳಿಜಾರು ಕೊಡದೆ ನೀರು ಹರಿಯಲ್ಲ, ಜಾಸ್ತಿ ಕೊಟ್ಟರೆ ತಳ ಕೊರೆಯುತ್ತೆ. ಡಂಪಿ ಲೆವೆಲ್ ಇಲ್ಲದೇ ಇದನ್ನ ಹೊಂದಿಸಿದವರು ಅವರು.

ಆದರೂ ರೋಮ್‌ನ ಕಾಲುವೆಯಲ್ಲಿ ಒಂದು ಸಮಸ್ಯೆ ಉಳಿದೇ ಇತ್ತು. ಟೈಬರ್ ತುಂಬಿದಾಗ ಹೊರಬಾಯಿ ಮುಳುಗಿ, ನೀರು ಕಾಲುವೆಯಲ್ಲೇ ಹಿಂದಕ್ಕೆ ಊರೊಳಗೆ ಬರ್ತಿತ್ತು. ಒಳಗಿನ ನೀರೂ ಹೊರಗಿನ ನೀರೂ ಗುದ್ದಾಡುವಾಗಲೂ ಕಟ್ಟಡ ಅಲುಗಾಡಲಿಲ್ಲ ಅಂತ ಪ್ಲಿನಿ ಆಶ್ಚರ್ಯಪಡ್ತಾನೆ. ಹುಲ್ಲು ತುಂಬಿದ ಗಾಡಿ ಹೋಗುವಷ್ಟು ಅಗಲ ಇತ್ತು ಅಂತಲೂ ಹೇಳ್ತಾನೆ. ಕ್ರಿ.ಪೂ. 33ರಲ್ಲಿ ಅಗ್ರಿಪ್ಪ ರೋಮ್‌ನ ಚರಂಡಿಗಳನ್ನೆಲ್ಲ ಕ್ಲೀನ್ ಮಾಡಿಸಿ, ಇದರೊಳಗೆ ದೋಣಿಯಲ್ಲಿ ಹೋಗಿ ಪರೀಕ್ಷೆ ಮಾಡಿದ. ಈ ಚರಂಡಿಗೆ ಕ್ಲೊವಾಸಿನಾ ಅಂತ ಒಬ್ಬ ದೇವತೆಯೂ ಇದ್ದಳು, ಫೋರಂನಲ್ಲಿ ಅವಳ ಪುಟ್ಟ ಗುಡಿಯ ದುಂಡಗಿನ ಅಡಿಪಾಯ ಈಗಲೂ ಇದೆ.

ಅದೇ ಪ್ಲಿನಿ ಇನ್ನೊಂದು ವಿಷಯ ಬರೆದಿದ್ದಾನೆ, ಇದನ್ನ ಬಿಟ್ಟು ಮುಂದೆ ಹೋಗೋಕಾಗಲ್ಲ. ಚರಂಡಿ ತೋಡಿದ್ದು ರೋಮ್‌ನ ಸಾಮಾನ್ಯ ಜನ, ಬಿಟ್ಟಿ ಕೆಲಸ. ಕೆಲಸ ಮುಗಿಯೋದೇ ಇಲ್ಲ, ಅಪಾಯಾನೂ ಇತ್ತು. ಬದುಕೇ ಬೇಡ ಅಂತ ಜನ ಪ್ರಾಣ ಕಳ್ಕೊಳ್ಳೋಕೆ ಶುರು ಮಾಡಿದರು. ಆಗ ರಾಜ ಕಂಡುಹಿಡಿದ ಉಪಾಯ ಏನಂದ್ರೆ, ಹಾಗೆ ಸತ್ತವರ ಹೆಣಗಳನ್ನ ಶಿಲುಬೆಗೆ ಹಾಕಿ ಹದ್ದು ನಾಯಿಗಳಿಗೆ ಬಿಡೋದು. ಸತ್ತ ಮೇಲೂ ಮಾನ ಹೋಗುತ್ತಲ್ಲ ಅನ್ನೋ ಹೆದರಿಕೆಗೆ ಜನ ಸಾಯೋದನ್ನ ನಿಲ್ಲಿಸಿದರಂತೆ. ಲಿವಿ ಬಿಟ್ಟಿ ಕೆಲಸದ ಗೋಳನ್ನ ಕೊನೆಯ ರಾಜನ ಕಾಲಕ್ಕೆ ಹಾಕಿದ್ದಾನೆ. ಪ್ಲಿನಿ ನೇರವಾಗಿ ನಮ್ಮ ಪ್ರಿಸ್ಕಸ್ ಹೆಸರನ್ನೇ ಹೇಳ್ತಾನೆ. ಹೊರಗಿನವನು ಅಂತ ಅವಮಾನ ಅನುಭವಿಸಿದವನಿಗೆ ಬೇರೆಯವರ ಅವಮಾನ ಎಲ್ಲಿ ಮುಟ್ಟುತ್ತೆ ಅನ್ನೋದು ಚೆನ್ನಾಗಿಯೇ ಗೊತ್ತಿತ್ತು ಅನ್ಸುತ್ತೆ. ಈ ಭಾಗ ಓದಿದ ಮೇಲೆ ಅವನನ್ನ ಹೀರೋ ಅಂತ ಕರೆಯೋಕೆ ನನಗೆ ಮನಸ್ಸು ಬರಲಿಲ್ಲ.

ಯುದ್ಧಗಳನ್ನ ಬೇಗ ಹೇಳಿ ಮುಗಿಸ್ತೀನಿ. ಲ್ಯಾಟಿನ್ ಊರುಗಳನ್ನ ಒಂದೊಂದಾಗಿ ಗೆದ್ದ. ಸೇಬೈನರ ಜೊತೆ ದೊಡ್ಡ ಯುದ್ಧ ಆಯ್ತು. ಆನಿಯೊ ನದಿ ದಡದಲ್ಲಿ ಬಿದ್ದಿದ್ದ ಸೌದೆ ರಾಶಿಗೆ ಬೆಂಕಿ ಹಚ್ಚಿ ನೀರಿಗೆ ತಳ್ಳಿಸಿದ. ಉರಿಯೋ ಮರಗಳು ತೇಲಿಕೊಂಡು ಹೋಗಿ ಶತ್ರುಗಳ ಮರದ ಸೇತುವೆಗೆ ಸಿಕ್ಕಿಕೊಂಡು ಅದನ್ನ ಸುಟ್ಟವು. ಮುಳುಗಿ ಸತ್ತ ಸೈನಿಕರ ಆಯುಧಗಳು ಟೈಬರ್‌ನಲ್ಲಿ ತೇಲಿ ರೋಮ್ ತಲುಪಿ, ಗೆದ್ದ ಸುದ್ದಿ ದೂತನಿಗಿಂತ ಮೊದಲೇ ಊರಿಗೆ ಗೊತ್ತಾಯ್ತಂತೆ. ಸೇಬೈನರಿಂದ ಕಿತ್ಕೊಂಡ ಕೊಲ್ಲಾಶಿಯಾ ಅನ್ನೋ ಊರಿಗೆ ತನ್ನ ಅಣ್ಣತಮ್ಮಂದಿರ ಕಡೆಯ ಆ ಹುಡುಗ, ಗತಿಯಿಲ್ಲದ ಎಗೇರಿಯಸ್‌ನನ್ನ ಉಸ್ತುವಾರಿಗೆ ಬಿಟ್ಟ.

ಈ ಯುದ್ಧದಲ್ಲೇ ಅವನು ಜ್ಯೂಪಿಟರ್‌ಗೆ ದೇವಸ್ಥಾನ ಕಟ್ಟಿಸ್ತೀನಿ ಅಂತ ಹರಕೆ ಹೊತ್ತದ್ದು. ಕ್ಯಾಪಿಟೊಲೈನ್ ಗುಡ್ಡದ ಮೇಲೆ ಜಾಗ ಮಟ್ಟ ಮಾಡಿಸಿ ಪಾಯದ ಕೆಲಸ ಶುರು ಮಾಡಿಸಿದ. ಆ ಪಾಯದ ಕಲ್ಲುಗೋಡೆ ಇವತ್ತು ಕ್ಯಾಪಿಟೊಲೈನ್ ಮ್ಯೂಸಿಯಂ ಒಳಗೆ ಕಾಣುತ್ತೆ, ಅಳತೆ ಸುಮಾರು 62 ಮೀಟರ್‌ಗೆ 53 ಮೀಟರ್. ಎತ್ತರದ ಜಗಲಿ, ಮುಂದೆ ಮಾತ್ರ ಮೆಟ್ಟಿಲು, ಮೇಲೆ ಮರದ ತೊಲೆ, ಸುಟ್ಟ ಮಣ್ಣಿನ ಅಲಂಕಾರ, ಎಲ್ಲವೂ ಎಟ್ರಸ್ಕನ್ ಶೈಲಿ. ಮೂರ್ತಿ ಮಾಡೋಕೆ ವೇಯಿ ಊರಿನಿಂದ ವುಲ್ಕಾ ಅನ್ನೋ ಶಿಲ್ಪಿಯನ್ನ ಕರೆಸಿದ್ದ. ರೋಮ್‌ನ ಅತಿ ದೊಡ್ಡ ದೇವರ ಮೊದಲ ಮೂರ್ತಿ ಕಲ್ಲಿನದ್ದಲ್ಲ, ಸುಟ್ಟ ಮಣ್ಣಿನದ್ದು, ಮುಖಕ್ಕೆ ಕೆಂಪು ಬಣ್ಣ. ಪ್ಯಾಲಟೈನ್ ಮತ್ತು ಅವೆಂಟೈನ್ ನಡುವಿನ ಕಣಿವೆಯಲ್ಲಿ ರಥದ ರೇಸಿಗೆ ಸರ್ಕಸ್ ಮ್ಯಾಕ್ಸಿಮಸ್ ಜಾಗ ಗುರುತಿಸಿದ್ದೂ ಇವನೇ. ಅಲ್ಲಿ ಓಡಿದ ಕುದುರೆಗಳು, ಹೊಡೆದಾಡಿದ ಬಾಕ್ಸರ್‌ಗಳು ಹೆಚ್ಚಿನವರು ಎಟ್ರಸ್ಕನ್ ನಾಡಿನವರು.

ರೋಮ್‌ನ ಅಧಿಕಾರದ ಗುರುತುಗಳೂ ಅಲ್ಲಿಂದಲೇ ಬಂದವು ಅಂತ ರೋಮನ್ನರೇ ಒಪ್ಪಿಕೊಂಡಿದ್ದಾರೆ. ಕಡ್ಡಿಗಳ ಕಟ್ಟಿನಲ್ಲಿ ಕೊಡಲಿ ಸಿಕ್ಕಿಸಿದ ಫ್ಯಾಸಿಸ್, ಮಡಚೋ ದಂತದ ಪೀಠ, ನೇರಳೆ ಅಂಚಿನ ಬಟ್ಟೆ, ವಿಜಯೋತ್ಸವದ ಮೆರವಣಿಗೆ. 1898ರಲ್ಲಿ ವೆಟುಲೋನಿಯಾದ ಎಟ್ರಸ್ಕನ್ ಗೋರಿಯೊಂದರಲ್ಲಿ ಕಬ್ಬಿಣದ ಪುಟಾಣಿ ಫ್ಯಾಸಿಸ್ ಒಂದು ಸಿಕ್ಕಿತು. ಇದಕ್ಕಿಂತ ನನಗೆ ಮಜಾ ಅನ್ನಿಸಿದ್ದು ಅಕ್ಷರದ ವಿಷಯ. ಗ್ರೀಕರ ಮೂರನೇ ಅಕ್ಷರ ಗಾಮಾ, ಉಚ್ಚಾರ ಗ. ಎಟ್ರಸ್ಕನ್ ಭಾಷೆಯಲ್ಲಿ ಗ ಶಬ್ದವೇ ಇಲ್ಲ, ಅವರು ಅದನ್ನ ಕ ಅಂತ ಬಳಸಿದರು. ರೋಮನ್ನರು ಅವರಿಂದ ಅಕ್ಷರ ಕಲಿತಾಗ ಅದು ಹಾಗೇ ಬಂತು, ಅದೇ ನಮ್ಮ ಇಂಗ್ಲಿಷಿನ ಸಿ. ಆಮೇಲೆ ಗ ಬೇಕಾದಾಗ ಸಿಗೆ ಒಂದು ಗೀಟು ಹಾಕಿ ಜಿ ಮಾಡಿಕೊಂಡರು. ಗಾಯಸ್ ಅನ್ನೋ ಹೆಸರನ್ನ ಚುಟುಕಾಗಿ ಬರೆಯುವಾಗ ಮಾತ್ರ ಮುಂದೆಯೂ ಸಿ ಅಂತಲೇ ಬರೀತಿದ್ದರು. ನಾವು ದಿನಾ ಪ್ರೋಗ್ರಾಂ ಬರೆಯೋ ಭಾಷೆಯ ಹೆಸರಿನ ಅಕ್ಷರ ಹೀಗೆ ಎಟ್ರಸ್ಕನ್ನರ ಕೈ ದಾಟಿ ಬಂದದ್ದು.

ಈಗ ಆಗಲೇ ಮುಂದೂಡಿದ ಪ್ರಶ್ನೆ. ಇದನ್ನೆಲ್ಲ ಎಷ್ಟು ನಂಬೋದು? ನಮ್ಮ ಸಾಮಾನ್ಯ ಲೆಕ್ಕವೇ ಸ್ವಲ್ಪ ಅನುಮಾನ ಹುಟ್ಟಿಸುತ್ತೆ. ಕ್ರಿ.ಪೂ. 753ರಿಂದ 509ರವರೆಗೆ 244 ವರ್ಷ, ಏಳು ರಾಜರು, ಸರಾಸರಿ ಸುಮಾರು 35 ವರ್ಷ. ಅದರಲ್ಲಿ ಇಬ್ಬರು ಕೊಲೆಯಾದವರು, ಒಬ್ಬ ಓಡಿಸಿಕೊಂಡವನು. ಈ ಸರಾಸರಿ ನಂಬೋದು ಕಷ್ಟ. ಇನ್ನೊಂದು: ಕೊನೆಯ ರಾಜ ಟಾರ್ಕ್ವಿನಿಯಸ್ ಸುಪರ್ಬಸ್ ನಮ್ಮ ಪ್ರಿಸ್ಕಸ್‌ನ ಮಗ ಅಂತ ಹಲವರು ಹೇಳ್ತಾರೆ. ಅವನು ಸತ್ತದ್ದು ಕ್ರಿ.ಪೂ. 495ರಲ್ಲಿ. ಅಪ್ಪ ಸತ್ತ 579ರಲ್ಲೇ ಹುಟ್ಟಿದ್ದ ಅಂದ್ರೂ 84 ವರ್ಷ ಆಗುತ್ತೆ, ಸಾಯೋಕೆ ಸ್ವಲ್ಪವೇ ಮೊದಲು ಅವನು ಕುದುರೆ ಏರಿ ಯುದ್ಧ ಮಾಡಿದ ಕಥೆ ಬೇರೆ. ಡಯೊನೀಸಿಯಸ್‌ಗೆ ಈ ಲೆಕ್ಕ ಹೊಳೆದಿತ್ತು, ಅದಕ್ಕೇ ಮಗ ಅಲ್ಲ ಮೊಮ್ಮಗ ಅಂತ ವಾದ ಮಾಡಿದ. ಚರಂಡಿ, ದೇವಸ್ಥಾನ ಎರಡನ್ನೂ ಇಬ್ಬರು ಟಾರ್ಕ್ವಿನ್‌ಗಳ ಲೆಕ್ಕಕ್ಕೂ ಬರೆದಿರೋದ್ರಿಂದ, ಒಬ್ಬನ ಕಥೆಯೇ ಎರಡಾಗಿ ಒಡೆದಿರಬಹುದು ಅನ್ನೋ ಇತಿಹಾಸಕಾರರೂ ಇದ್ದಾರೆ.

ಹಾಗಂತ ಎಲ್ಲ ಕಟ್ಟುಕಥೆ ಅಂತ ತಳ್ಳಿಹಾಕೋಕೂ ಆಗಲ್ಲ. 1857ರಲ್ಲಿ ವುಲ್ಚಿ ಅನ್ನೋ ಊರಲ್ಲಿ ಸಿಕ್ಕಿದ ಫ್ರಾಂಸ್ವಾ ಗೋರಿಯ ಗೋಡೆ ಮೇಲೆ ಕ್ರಿ.ಪೂ. ನಾಲ್ಕನೇ ಶತಮಾನದ ಎಟ್ರಸ್ಕನ್ ಚಿತ್ರ ಇದೆ. ಒಬ್ಬ ಯೋಧ ಇನ್ನೊಬ್ಬನನ್ನ ಕೊಲ್ಲೋಕೆ ಹೊರಟಿದ್ದಾನೆ, ಸಾಯ್ತಾ ಇರೋನ ಪಕ್ಕ ಅವನ ಹೆಸರು: ರೋಮ್‌ನ ನೇಯಸ್ ಟಾರ್ಕ್ವಿನಿಯಸ್. ಲೂಸಿಯಸ್ ಅಲ್ಲ, ಹೀಗಾಗಿ ಇವನೇ ಅವನು ಅಂತ ಹೇಳೋಕಾಗಲ್ಲ. ಆದರೆ ಲಿವಿ ಹುಟ್ಟೋದಕ್ಕೆ ಎಷ್ಟೋ ಮೊದಲೇ, ರೋಮ್‌ನವರಲ್ಲದ ಜನರ ನೆನಪಿನಲ್ಲೂ ರೋಮ್‌ನ ಟಾರ್ಕ್ವಿನ್‌ಗಳು ಇದ್ದರು. ಚಕ್ರವರ್ತಿ ಕ್ಲಾಡಿಯಸ್ ಎಟ್ರಸ್ಕನ್ನರ ಚರಿತ್ರೆಯನ್ನೇ 20 ಸಂಪುಟ ಬರೆದಿದ್ದ, ಒಂದೂ ಉಳಿದಿಲ್ಲ. ಕ್ರಿ.ಶ. 48ರಲ್ಲಿ ಗಾಲ್ ದೇಶದವರನ್ನ ಸೆನೆಟ್‌ಗೆ ಸೇರಿಸ್ಬೇಕು ಅಂದಾಗ ಹಳೇ ಸೆನೆಟರ್‌ಗಳು ಮೂಗು ಮುರಿದರು. ಆಗ ಕ್ಲಾಡಿಯಸ್ ಎದ್ದು ನಿಂತು ಹೇಳಿದ ಉದಾಹರಣೆಗಳಲ್ಲಿ ನಮ್ಮ ಪ್ರಿಸ್ಕಸ್ ಒಬ್ಬ: ಅಪ್ಪ ಕೊರಿಂತ್‌ನವನು, ತಾಯಿ ಟಾರ್ಕ್ವಿನಿಯಾದವಳು, ಬೆರಕೆ ರಕ್ತ ಅಂತ ತನ್ನೂರಲ್ಲಿ ಪದವಿ ಸಿಗಲಿಲ್ಲ, ರೋಮ್‌ಗೆ ಬಂದು ರಾಜನಾದ. ಆ ಭಾಷಣ ಕೆತ್ತಿದ ಕಂಚಿನ ಹಲಗೆ 1528ರಲ್ಲಿ ಫ್ರಾನ್ಸ್‌ನ ಲಿಯಾನ್‌ನಲ್ಲಿ ಸಿಕ್ಕಿ ಈಗಲೂ ಅಲ್ಲೇ ಮ್ಯೂಸಿಯಂನಲ್ಲಿದೆ. ಸತ್ತು 600 ವರ್ಷ ಆದ ಮೇಲೂ ಅವನು ವಾದದಲ್ಲಿ ಕೆಲಸಕ್ಕೆ ಬಂದ.

ಸತ್ತದ್ದು ಹೇಗೆ? ಬೇಟೆಗೆ ಹೋಗಿ ಬಂದು ರಾಜ್ಯ ಕಳ್ಕೊಂಡ ಆಂಕಸ್‌ನ ಮಕ್ಕಳು 38 ವರ್ಷ ಅದನ್ನ ಮರೆತಿರಲಿಲ್ಲ. ಪರದೇಶಿಯೊಬ್ಬ ತಮ್ಮ ಅಪ್ಪನ ಪೀಠದಲ್ಲಿ ಕೂತಿದ್ದಾನೆ ಅನ್ನೋದು ಒಂದು ಕಡೆ. ಮುಂದೆ ಆ ಪೀಠ ಸರ್ವಿಯಸ್ ಟುಲಿಯಸ್‌ಗೆ ಹೋಗುತ್ತೆ ಅನ್ನೋದು ಇನ್ನೊಂದು ಕಡೆ. ಸರ್ವಿಯಸ್ ಅರಮನೆಯಲ್ಲಿ ದಾಸಿಯ ಮಗನಾಗಿ ಬೆಳೆದವನು, ತನಾಕ್ವಿಲ್ ಅವನನ್ನ ಸ್ವಂತ ಮಗನ ಹಾಗೆ ಸಾಕಿ, ರಾಜನ ಮಗಳನ್ನೂ ಕೊಟ್ಟಿದ್ದಳು. ರಾಜಕುಮಾರರು ಇಬ್ಬರು ಕುರುಬರನ್ನ ಗೊತ್ತು ಮಾಡಿದರು. ಅವರು ಅರಮನೆ ಬಾಗಿಲಲ್ಲಿ ಬೇಕಂತಲೇ ಜಗಳ ತೆಗೆದು ಕೂಗಾಡಿ, ರಾಜನೇ ನ್ಯಾಯ ಹೇಳ್ಬೇಕು ಅಂತ ಹಟ ಹಿಡಿದರು. ಒಳಗೆ ಕರೆಸಿದ. ಒಬ್ಬ ತನ್ನ ದೂರು ಹೇಳ್ತಾ ಇದ್ದಾಗ ರಾಜ ಅವನ ಕಡೆ ತಿರುಗಿ ಕೇಳಿಸ್ಕೊಳ್ತಿದ್ದ. ಇನ್ನೊಬ್ಬ ಕೊಡಲಿ ಎತ್ತಿ ತಲೆಗೆ ಹೊಡೆದು, ಕೊಡಲಿಯನ್ನ ಗಾಯದಲ್ಲೇ ಬಿಟ್ಟು ಹೊರಗೆ ಓಡಿದ.

ತನಾಕ್ವಿಲ್ ಅಳ್ತಾ ಕೂರಲಿಲ್ಲ. ಅರಮನೆ ಬಾಗಿಲು ಹಾಕಿಸಿದಳು. ಸರ್ವಿಯಸ್‌ನ ಕರೆದು ಗಂಡನ ಹೆಣ ತೋರಿಸಿ, ನಾವೂ ಹೊರಗಿನಿಂದ ಬಂದು ಆಳಿದವರೇ, ನೀನು ಯಾರ ಮಗ ಅಂತ ಯೋಚನೆ ಮಾಡ್ಬೇಡ ಅಂತ ಧೈರ್ಯ ತುಂಬಿದಳು. ಆಮೇಲೆ ಮೇಲಿನ ಕಿಟಕಿಯಿಂದ ಕೆಳಗೆ ಸೇರಿದ್ದ ಜನಕ್ಕೆ, ರಾಜರಿಗೆ ಏಟು ಬಿದ್ದಿದೆ, ಪ್ರಜ್ಞೆ ಬಂದಿದೆ, ಹುಷಾರಾಗೋ ತನಕ ಸರ್ವಿಯಸ್ ನೋಡಿಕೊಳ್ತಾನೆ ಅಂತ ಹೇಳಿದಳು. ಸರ್ವಿಯಸ್ ರಾಜನ ಬಟ್ಟೆ ಹಾಕಿ ನ್ಯಾಯಪೀಠದಲ್ಲಿ ಕೂತ, ಕೆಲವು ವ್ಯಾಜ್ಯ ತಾನೇ ತೀರ್ಮಾನಿಸಿದ, ಕೆಲವನ್ನ ರಾಜನ ಹತ್ತಿರ ಕೇಳಿ ಹೇಳ್ತೀನಿ ಅಂತ ನಾಟಕ ಆಡಿದ. ಸಾವಿನ ಸುದ್ದಿ ಹೊರಬರೋ ಹೊತ್ತಿಗೆ ಅಧಿಕಾರ ಅವನ ಕೈಯಲ್ಲಿ ಗಟ್ಟಿಯಾಗಿತ್ತು. ಆಂಕಸ್‌ನ ಮಕ್ಕಳು ಸುಯೆಸ್ಸಾ ಪೊಮೇಶಿಯಾಗೆ ಓಡಿಹೋದರು.

ಸರ್ವಿಯಸ್ ಒಳ್ಳೆ ರಾಜ ಅಂತ ಹೆಸರು ತಗೊಂಡ, ಕೊನೆಗೆ ಅವನನ್ನೂ ಕೊಂದು ಸುಪರ್ಬಸ್ ಪಟ್ಟ ಏರಿದ. ಅಜ್ಜನೋ ಅಪ್ಪನೋ ಶುರು ಮಾಡಿದ್ದ ಚರಂಡಿಯನ್ನ, ದೇವಸ್ಥಾನವನ್ನ ಮುಗಿಸಿದ, ಜನರನ್ನ ಗೋಳಾಡಿಸಿದ. ಕ್ರಿ.ಪೂ. 509ರಲ್ಲಿ ರೋಮ್ ಅವನನ್ನ ಓಡಿಸಿ, ಇನ್ನು ರಾಜರೇ ಬೇಡ ಅಂತ ಇಬ್ಬರು ಕಾನ್ಸಲ್‌ಗಳನ್ನ ಆರಿಸಿತು. ಕ್ಯಾಪಿಟೊಲೈನ್ ಮೇಲಿನ ದೇವಸ್ಥಾನ ಅಷ್ಟು ಹೊತ್ತಿಗೆ ರೆಡಿ ಇತ್ತು, ಅದನ್ನ ದೇವರಿಗೆ ಒಪ್ಪಿಸಿದ್ದು ಹೊರೇಶಿಯಸ್ ಅನ್ನೋ ಕಾನ್ಸಲ್.

ಮೊದಲು ಆಯ್ಕೆಯಾದ ಇಬ್ಬರು ಕಾನ್ಸಲ್‌ಗಳಲ್ಲಿ ಒಬ್ಬ ಬ್ರೂಟಸ್. ಇನ್ನೊಬ್ಬನ ಹೆಸರು ಲೂಸಿಯಸ್ ಟಾರ್ಕ್ವಿನಿಯಸ್ ಕೊಲ್ಲಾಟಿನಸ್, ಕೊಲ್ಲಾಶಿಯಾದಲ್ಲಿ ಬಿಟ್ಟಿದ್ದ ಆ ಗತಿಯಿಲ್ಲದ ಎಗೇರಿಯಸ್‌ನ ವಂಶದವನು. ರಾಜನನ್ನ ಓಡಿಸೋದ್ರಲ್ಲಿ ಇವನ ಪಾಲೂ ಇತ್ತು. ಸುಪರ್ಬಸ್‌ನ ಮಗನಿಂದ ಅತ್ಯಾಚಾರಕ್ಕೊಳಗಾಗಿ ಪ್ರಾಣ ಬಿಟ್ಟ ಲುಕ್ರೀಶಿಯಾ ಇವನ ಹೆಂಡತಿ, ದಂಗೆ ಎದ್ದದ್ದೇ ಆ ಕಾರಣಕ್ಕೆ. ಆದರೆ ಜನರಿಗೆ ಟಾರ್ಕ್ವಿನಿಯಸ್ ಅನ್ನೋ ಶಬ್ದ ಕಿವಿಗೆ ಬಿದ್ದರೇ ಆಗ್ತಿರಲಿಲ್ಲ. ಆ ಹೆಸರಿನವರು ಊರಲ್ಲಿ ಇರೋವರೆಗೆ ನೆಮ್ಮದಿ ಇಲ್ಲ ಅಂತ ಮಾತು ಹಬ್ಬಿತು. ತಪ್ಪೇನೂ ಇಲ್ಲ, ಹೆಸರೊಂದೇ ತೊಂದರೆ, ದಯವಿಟ್ಟು ಹೋಗಿಬಿಡು ಅಂತ ಬ್ರೂಟಸ್ ಸಭೆಯಲ್ಲೇ ಕೇಳಿಕೊಂಡ. ಹೆಣ್ಣು ಕೊಟ್ಟ ಮಾವನೂ ಅದನ್ನೇ ಹೇಳಿದ. ಕೊಲ್ಲಾಟಿನಸ್ ರಾಜೀನಾಮೆ ಕೊಟ್ಟು, ಆಸ್ತಿಪಾಸ್ತಿಯನ್ನೆಲ್ಲ ಸಾಗಿಸಿಕೊಂಡು ಲವೀನಿಯಂ ಅನ್ನೋ ಊರಿಗೆ ಹೊರಟುಹೋದ.